ಗಿರಿಜಮ್ಮನವರ ಬೆಂಚಿಗೆ ನಾನು ಪಾಲಿಶ್ ಹಾಕದೇ ಇದ್ದದ್ದು

ಈಗ ಪಾಲಿಶ್ ಕೆಲಸಕ್ಕೆ ಬರುವವರು ಸಿಕ್ಕಿದಾಗಲೆಲ್ಲ ನನ್ನನ್ನು ಕೇಳುವುದು ಯಾವ ಕಂಪನಿಯ ಡಬ್ಬ ಒಳ್ಳೆಯದು ಎಂದು. ಡಬ್ಬದ ವಿಚಾರವನ್ನು ಅಂಗಡಿಯವನು ಹೇಳುತ್ತಾನೆ. ಅವನು ಹೇಳದ್ದನ್ನು ಬರೆದಿಡೋಣ ಎಂದು ಕೂತಿದ್ದೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಮುತ್ತಲ ಊರುಗಳಲ್ಲಿ ಬಾಗಿಲು, ಮಂಚ, ತೊಟ್ಟಿಲು, ದೇವರ ಮಂಟಪಗಳಿಗೆ ಪಾಲಿಶ್ ಹಾಕುತ್ತಲೇ ತಲೆ ನರೆತವನು ನಾನು. ಹೆಸರು ತಿಮ್ಮಯ್ಯ. ಬರೀ ತಿಮ್ಮಯ್ಯ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಪಾಲಿಶ್ ತಿಮ್ಮಯ್ಯ ಎನ್ನಬೇಕು. ಮೊಣಕಾಲು ಮಡಚುವುದು ಕಷ್ಟವಾದ ಮೇಲೆ ಕೆಲಸ ಬಿಟ್ಟೆ.

ನಮ್ಮದು ಬೋರನಕಣಿವೆ ಕಡೆಯ ಒಂದು ಹಟ್ಟಿ. ಮನೆತುಂಬ ಕುರಿ. ಕುರಿಯ ಉಣ್ಣೆ ಕತ್ತರಿಸುವಾಗ ನನಗೆ ಸೀನು ಹಿಡಿದರೆ ನಿಲ್ಲುತ್ತಿರಲಿಲ್ಲ. ಇವನು ಕುರಿಗಳಿಗಿಂತ ಹೆಚ್ಚು ಸದ್ದು ಮಾಡುತ್ತಾನೆ ಎಂದು ನಮ್ಮಪ್ಪ ನನ್ನನ್ನು ತಿಪಟೂರಿನ ಹಯಾತ್ ಸಾಬರ ಬಳಿ ಪಾಲಿಶ್ ಕೆಲಸಕ್ಕೆ ಬಿಟ್ಟರು. ಅಲ್ಲಿ ಮರ ಉಜ್ಜುವ ಧೂಳು ಉಣ್ಣೆಯ ನಾಲ್ಕರಷ್ಟಿತ್ತು. ಆದರೆ ಹಯಾತ್ ಸಾಬರ ಎದುರು ಸೀನುವ ಧೈರ್ಯ ಯಾರಿಗೂ ಇರಲಿಲ್ಲ, ಹಾಗಾಗಿ ಕಾಯಿಲೆ ತಾನಾಗಿ ವಾಸಿಯಾಯಿತು.

ಆಗಿನದು ಸ್ಪಿರಿಟ್ ಪಾಲಿಶ್. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯೊಳಗೆ ಹತ್ತಿ ಇಟ್ಟು ಉಂಡೆ ಕಟ್ಟಿ, ಮರದ ಮೇಲೆ ಸುತ್ತಿಸಿ ಸುತ್ತಿಸಿ ಎಳೆಯಬೇಕು. ಕೈ ಒಂದು ಕ್ಷಣ ನಿಂತರೂ ನಿಂತ ಜಾಗ ಉಬ್ಬಿಕೊಂಡು ಕೂರುತ್ತಿತ್ತು. "ಬರೀ ಮೈಯಾಗೆ ಮನುಷ್ಯ ಬೀದೀಗೆ ಬತ್ತಾನೇನ್ಲಾ? ಮರಾನೂ ಹಂಗೇಯ. ಅದಕ್ಕೆ ಬಟ್ಟೆ ತೊಡ್ಸೋದು ನಮ್ ಕೆಲ್ಸ," ಎನ್ನುತ್ತಿದ್ದರು ಸಾಬರು. ಅವರು ಮಳೆ ಮೋಡ ಕಂಡರೆ ಡಬ್ಬ ಮುಚ್ಚಿಬಿಡುತ್ತಿದ್ದರು. ಒಮ್ಮೆ ಹಾಲ್ಕುರಿಕೆಯ ಒಂದು ಮನೆಯಲ್ಲಿ ಗೃಹಪ್ರವೇಶದ ಅವಸರ. ಸಾಬರು ಬೇಡವೆಂದರೂ ಮನೆಯವರು ಕೇಳಲಿಲ್ಲ. ಜಿಟಿಜಿಟಿ ಮಳೆಯಲ್ಲೇ ಮುಂಬಾಗಿಲಿಗೆ ಪಾಲಿಶ್ ಎಳೆದೆವು. ಥಂಡಿಗೆ ಅರಗು ಮಂಕು ಹಿಡಿದು ಇಡೀ ಬಾಗಿಲು ವಿಭೂತಿ ಬಳಿದುಕೊಂಡ ಹಾಗೆ ಬೆಳ್ಳಗಾಯಿತು. ನಾವು ಗಾಬರಿಯಾಗಿ ನಿಂತಿದ್ದರೆ ಆ ಮನೆಯ ಅಜ್ಜ ಬಂದು ನೋಡಿ ಬಾಗಿಲಿಗೆ ಕೈಮುಗಿದರು. ಮಾರನೇ ದಿನ ಬಿಸಿಲು ಬಂದ ಮೇಲೆ ಸಾಬರು ಸ್ಪಿರಿಟ್ ಹಚ್ಚಿ ಬಿಳುಪು ತೆಗೆದರೆ ಅಜ್ಜನಿಗೆ ಬೇಸರ. "ಬಂದಿದ್ದ ಶಿವನ್ನ ಯಾಕಪ್ಪ ಒರ್ಸಿ ಕಳ್ಸಿದೆ?" ಎಂದು ಊಟಕ್ಕೆ ಕೂತಾಗಲೂ ಕೇಳುತ್ತಿದ್ದರು.

ನಮ್ಮ ಸೀಮೆಯಲ್ಲಿ ಪಾಲಿಶಿನವನಿಗೆ ಮಳೆಯಷ್ಟೇ ಕಾಟ ಕೊಡುವುದು ತೆಂಗು. ಪಕ್ಕದ ಮನೆಯಲ್ಲಿ ಕಾಯಿ ಸುಲಿಯಲು ಕೂತರೋ, ನಾರಿನ ಪುಡಿ ಗಾಳಿಯಲ್ಲಿ ಬಂದು ಹಸಿ ಪಾಲಿಶಿನ ಮೇಲೆ ಕೂರುತ್ತದೆ. ಮಂಚಕ್ಕೆ ಮೀಸೆ ಬಂದಂತೆ ಕಾಣುತ್ತದೆ. ಆಮೇಲೆ ಗಾಳಿ ಯಂತ್ರದಿಂದ ಮೆಲಮೈನ್ ಎಂಬ ಹೊಸ ಪಾಲಿಶ್ ಸಿಡಿಸುವ ಕಾಲ ಬಂತು. ಒಣಗುವುದು ಬೇಗ, ಹೊಳಪು ಕನ್ನಡಿಯ ಹಾಗೆ. ನಾನೂ ಯಂತ್ರ ಕೊಂಡೆ, ನನ್ನ ಕೈಕೆಳಗೂ ಜನ ಬಂದರು. ಆ ಏಳಿಗೆಯ ಕಥೆಯಿಂದ ನಿಮಗೆ ಉಪಯೋಗವಿಲ್ಲ. ನಾನು ಕೆಲಸವನ್ನು ನಿಜಕ್ಕೂ ಕಲಿತದ್ದು ಪಾಲಿಶ್ ಹಾಕಬೇಡ ಎಂದ ಒಂದು ಮನೆಯಲ್ಲಿ. ಅದನ್ನು ಹೇಳುತ್ತೇನೆ.

ನೊಣವಿನಕೆರೆ ಹತ್ತಿರದ ತೋಟದ ಮನೆ ಅದು. ಯಜಮಾನರು ಪಂಚಾಕ್ಷರಪ್ಪ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಅವರ ಹೆಂಡತಿ ಗಿರಿಜಮ್ಮ. ಒಬ್ಬಳೇ ಮಗಳು ಸೌಮ್ಯ, ತುರುವೇಕೆರೆಯ ಬ್ಯಾಂಕಿನಲ್ಲಿ ಕೆಲಸ.

ಪಂಚಾಕ್ಷರಪ್ಪನವರಿಗೆ ಹೊಳಪು ಎಂದರೆ ಪ್ರಾಣ. ಮಂಡಿಯ ಹಿತ್ತಾಳೆ ತಕ್ಕಡಿಯನ್ನು ಹುಣಸೆಹಣ್ಣು ಹಾಕಿ ತಾವೇ ಬೆಳಗುತ್ತಿದ್ದರು. ಸ್ಕೂಟರಿನ ಸೀಟಿಗೆ ಕಂಪನಿಯವರು ಹಾಕಿದ ಪ್ಲಾಸ್ಟಿಕ್ ಹರಿದು ಜೂಲಾಗಿದ್ದರೂ ತೆಗೆದಿರಲಿಲ್ಲ. ಟೀವಿ ರಿಮೋಟಿಗೂ ಪ್ಲಾಸ್ಟಿಕ್ ಅಂಗಿ. ನೆಂಟರು ಕುರ್ಚಿಯಿಂದ ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ ಇವರು ಹಿಂದಿನಿಂದ ಆ ಕುರ್ಚಿ ಒರೆಸಿ ಮುಗಿಸಿರುತ್ತಿದ್ದರು.

ಒಂದು ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ಆ ಮನೆಯ ಮುಂದಿನ ದೊಡ್ಡ ಹಲಸಿನ ಮರ ಬುಡಸಮೇತ ಬಿತ್ತು. ಗಿರಿಜಮ್ಮನವರು ಅದನ್ನು ಸೌದೆಗೆ ಬಿಡಲಿಲ್ಲ. ಸಾಮಿಲ್ಲಿನಲ್ಲಿ ಹಲಗೆ ಕೊಯ್ಯಿಸಿ, ನೆರಳಲ್ಲಿ ಜೋಡಿಸಿ ಒಣಗಿಸಿ, ಕಾಳಾಚಾರ್ ಎಂಬ ಬಡಗಿಯಿಂದ ಅಂಗಳಕ್ಕೆಂದು ಒಂದು ಉದ್ದ ಬೆಂಚು, ಒಂದು ಮೇಜು, ನಾಲ್ಕು ಕೈಕುರ್ಚಿ ಮಾಡಿಸಿದರು. ಕಾಳಾಚಾರ್ ಮಾಡಿದ ಸಾಮಾನಿಗೆಲ್ಲ ಪಾಲಿಶ್ ಹಾಕುತ್ತಿದ್ದವನು ನಾನೇ. ಅವನ ಫೋನ್ ಬಂದ ಕೂಡಲೇ ಡಬ್ಬ, ಯಂತ್ರ ಎಲ್ಲ ಗಾಡಿಗೆ ಹೇರಿಕೊಂಡು ಹೋದೆ.

ಮರ ಬಿದ್ದ ಜಾಗದಲ್ಲಿ ತೆಂಗಿನ ಗರಿಗಳ ನಡುವೆ ಆಕಾಶ ಬಯಲಾಗಿತ್ತು. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತಿತ್ತು, ತಲೆಯ ಮೇಲೆ ಕಾಯಿ ಬೀಳುವ ಭಯವೂ ಇರಲಿಲ್ಲ. ಹೊಸ ಹಲಸು ಅರಿಸಿನ ಹಚ್ಚಿದ ಮದುಮಗಳ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು. ನಾನು ಡಬ್ಬ ಇಳಿಸಲು ಹೋದರೆ ಗಿರಿಜಮ್ಮ ತಡೆದರು.

"ಡಬ್ಬ ಕೆಳಗಿಡ್ಬೇಡ ತಿಮ್ಮಯ್ಯ. ಗಾಡೀಲೇ ಇರ್ಲಿ."

"ಯಾಕ್ರಮ್ಮ, ಕೆಲ್ಸ ಇಲ್ವಾ?"

"ಕೆಲ್ಸ ಐತೆ. ಇದಕ್ಕೆ ಯಾರೂ ಏನೂ ಬಳೀದಂಗೆ ನೋಡ್ಕೊಳ್ಳೋದೇ ನಿನ್ ಕೆಲ್ಸ. ಮಳೆಗಾಲ ಮುಗಿದಾಗ ಒಂದ್ಸಲ ಬಂದು ತೊಳ್ದು, ಕಾಲು ಗೀಲು ನೋಡ್ಕಂಡು ಹೋಗು. ಅಷ್ಟೇಯ."

ಕಾಳಾಚಾರ್ ಉಳಿ ಕೈಯಲ್ಲಿ ಹಿಡಿದುಕೊಂಡೇ ನಗಲು ಶುರುಮಾಡಿದ. ನನಗೆ ನಗು ಬರಲಿಲ್ಲ. ಅಡುಗೆ ಭಟ್ಟನನ್ನು ಕರೆಸಿ ಒಲೆ ಹಚ್ಚದ ಹಾಗೆ ಕಾವಲು ಕೂರು ಎಂದ ಹಾಗಾಯಿತು.

"ಬಿಸ್ಲು ಮಳೆಗೆ ಬೂದಿ ಬಣ್ಣ ಬಂದ್ಬುಡ್ತದೆ ಕಣ್ರಮ್ಮ," ಎಂದೆ.

"ಬರ್ಲಿ. ನನ್ ತಲೇಗೂ ಬಂದೈತಲ್ಲ, ಅದನ್ನೇನು ಕಿತ್ತು ಬಿಸಾಕಿದೀನಾ?" ಎಂದರು. ಆಮೇಲೆ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು, "ಈ ಮನೇಲಿ ಒರ್ಸದೇ ಇರೋ ವಸ್ತು ಒಂದಿಲ್ಲ ತಿಮ್ಮಯ್ಯ. ಮದ್ವೆಯಾಗಿ ಬಂದಾಗಿಂದ ಅವ್ರು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಒರ್ಸ್ತಾನೇ ಇದೀವಿ. ಇದೊಂದಾದ್ರೂ ತನ್ನ ಪಾಡಿಗೆ ತಾನು ಇರ್ಲಿ ಬುಡು."

ಕಾಲುಗಳು ತೇವದ ಮಣ್ಣಿಗೆ ತಾಗಿದರೆ ಕೊಳೆಯುತ್ತವೆಂದು ಪ್ರತಿಯೊಂದು ಕಾಲಿನ ಕೆಳಗೂ ಚಪ್ಪಡಿ ಕಲ್ಲಿನ ತುಂಡು ಇಡಿಸಿದೆ. ಕಬ್ಬಿಣದ ಮೊಳೆ ಇದ್ದರೆ ಹಲಸಿನ ರಸಕ್ಕೆ ಸೇರಿ ಕಪ್ಪು ಕಣ್ಣೀರು ಇಳಿಯುತ್ತದೆ. ಅದಕ್ಕೆ ಕಾಳಾಚಾರಿಗೆ ಹೇಳಿ ಹಿತ್ತಾಳೆ ಸ್ಕ್ರೂ ಹಾಕಿಸಿದೆ. ಡಬ್ಬದ ಮುಚ್ಚಳ ತೆಗೆಯದೇ ಮನೆಗೆ ಬಂದೆ. ನನ್ನ ಹೆಂಡತಿ, "ಗಾಡಿ ಕೆಟ್ಟಿತ್ತಾ?" ಎಂದು ಕೇಳಿದಳು.

ಮೊದಲ ಅನಾಹುತ ಮೊದಲ ಮಳೆಗೇ ಆಯಿತು. ಪಂಚಾಕ್ಷರಪ್ಪನವರ ಮಂಡಿಯ ಗೆಳೆಯರು ಹೊಸ ಸಾಮಾನು ನೋಡಲು ಬಂದಿದ್ದರು. ಎಲ್ಲರೂ ಬಿಳಿ ಪಂಚೆ, ಬಿಳಿ ಅಂಗಿಯವರು. ಬೆಳಿಗ್ಗೆ ಒಂದು ಹದ ಮಳೆ ಬಿದ್ದು ನಿಂತಿತ್ತು. ಬೆಂಚಿನ ಮೇಲ್ಮೈ ಒರೆಸಿದ್ದರು, ಆದರೆ ಪಟ್ಟಿಗಳ ಒಳಗೆ ತೇವ ಹಾಗೇ ಇತ್ತು. ಗೆಳೆಯರು ಸಾಲಾಗಿ ಕೂತು ಕೊಬ್ಬರಿ ರೇಟು, ಮಳೆ, ರಾಜಕೀಯ ಎಲ್ಲ ಮಾತಾಡಿ ಎದ್ದರು. ಹೊಸ ಹಲಸು ನೀರು ಕುಡಿದರೆ ಹಳದಿ ಬಿಡುತ್ತದೆ. ಅಷ್ಟೂ ಜನರ ಪಂಚೆಯ ಹಿಂದೆ ಬೆಂಚಿನ ಪಟ್ಟಿಗಳು ಅಚ್ಚೊತ್ತಿದಂತೆ ಮೂಡಿದ್ದವು. ಅದು ಅವರಿಗೆ ತಿಳಿದದ್ದು ನೊಣವಿನಕೆರೆ ಬಸ್ ಸ್ಟ್ಯಾಂಡಿನಲ್ಲಿ, ಬೇರೆಯವರು ನಕ್ಕ ಮೇಲೆ.

ಮಾರನೇ ದಿನ ಪಂಚಾಕ್ಷರಪ್ಪನವರು ಪಂಚೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ನನ್ನನ್ನು ಹುಡುಕಿಕೊಂಡು ಬಂದರು. "ನೋಡಪ್ಪ, ಹುಲಿ ವೇಷದೋರ ಥರ ಕಳ್ಸಿದೀವಿ ಅವರನ್ನ. ಒಂದು ಕೋಟು ಪಾಲಿಶ್ ಹಾಕಿದ್ರೆ ಇದಾಯ್ತಿತ್ತಾ?"

"ಇನ್ನೊಂದೆರಡು ಒಳ್ಳೆ ಮಳೆ ಬಿದ್ರೆ ಹಳದಿಯೆಲ್ಲ ತೊಳ್ದು ಹೋಯ್ತದೆ ಯಜಮಾನ್ರೇ. ಅಲ್ಲೀಗಂಟ ಒಂದು ಚಾಪೆ ಹಾಸಿ ಕೂರ್ಸಿ."

ಗಿರಿಜಮ್ಮನವರು ಏನೆಂದರು ಎಂದು ಕೇಳಿದೆ. "ಅವಳೇನಂತಾಳೆ? ಮಂಡಿಯೋರಿಗೆಲ್ಲ ಒಂದೇ ಯೂನಿಫಾರಂ ಆಯ್ತಲ್ಲ ಬುಡಿ ಅಂದ್ಳು," ಎಂದು ಪಂಚೆ ಮಡಿಚಿ ಚೀಲಕ್ಕೆ ಹಾಕಿಕೊಂಡರು.

ಎರಡನೆಯ ಅನಾಹುತ ನನ್ನ ಪಾಲಿಗೆ ಬಂತು. ಬಿಸಿಲಿಗಿಟ್ಟ ಮರ ಸೀದಾ ಬೆಳ್ಳಿಯಂಥ ಬೂದಿ ಬಣ್ಣಕ್ಕೆ ಹೋಗುವುದಿಲ್ಲ ಎಂಬುದನ್ನು ನೀವು ತಿಳಿದಿರಬೇಕು. ಹಳದಿ ಹೋಗಿ ಕಂದು ಬರುತ್ತದೆ. ಕಂದಿನ ಮೇಲೆ ಅಲ್ಲಲ್ಲಿ ಬೂದಿ ಚುಕ್ಕೆ. ಮೈ ತರಿತರಿಯಾಗಿ ನಾರು ಏಳುತ್ತದೆ. ಸಣ್ಣ ಬಿರುಕುಗಳು ಕಾಣುತ್ತವೆ. ನೆರಳು ಬೀಳುವ ತುದಿಯಲ್ಲಿ ಹಸಿರು ಪಾಚಿ ಕಟ್ಟುತ್ತದೆ. ಆ ನಡುಗಾಲದಲ್ಲಿ ಅದು ನೋಡಲು ಚಂದವಿಲ್ಲ. ತುಪ್ಪಟ ಕತ್ತರಿಸಿ ಅರ್ಧಕ್ಕೆ ಬಿಟ್ಟ ಕುರಿಯಂತಿತ್ತು ಆ ಬೆಂಚು. ನಾನು ಆ ಮನೆಗೆ ಹೋಗಿಬರುವುದನ್ನು ಊರವರೆಲ್ಲ ನೋಡಿದ್ದರು. ಪಾಲಿಶ್ ತಿಮ್ಮಯ್ಯ ಹೋಗುತ್ತಾನೆ, ಬೆಂಚು ಹೀಗಿದೆ. ಅವರು ಎರಡನ್ನೂ ಕೂಡಿಸಿಕೊಂಡರು.

ತಿಪಟೂರಿನ ಒಬ್ಬರು ಹೊಸಮನೆಯ ಬಾಗಿಲುಗಳನ್ನೆಲ್ಲ ನನಗೇ ಒಪ್ಪಿಸಿದ್ದವರು ಒಂದು ದಿನ ಫೋನ್ ಮಾಡಿದರು. "ತಿಮ್ಮಯ್ಯ, ನೊಣವಿನಕೆರೆ ತೋಟದ ಬೆಂಚಿಗೆ ಪಾಲಿಶ್ ಹಾಕಿದ್ದು ನೀನೇಯಾ?"

"ಅದಕ್ಕೆ ನಾನು ಪಾಲಿಶ್ ಹಾಕೇ ಇಲ್ಲ ಸಾರ್."

"ಅದೇ ನಾನೂ ಅಂದ್ಕೊಂಡೆ, ಹಾಕ್ದಂಗೇ ಇಲ್ಲ," ಎಂದು ಕೆಲಸವನ್ನು ಬೇರೆಯವನಿಗೆ ಕೊಟ್ಟರು.

ನಾನು ಗಿರಿಜಮ್ಮನವರ ಹತ್ತಿರ ಹೋಗಿ, 'ಇದಕ್ಕೆ ಪಾಲಿಶ್ ಹಾಕಿಲ್ಲ' ಎಂದು ಒಂದು ಬೋರ್ಡ್ ಬರೆಸಿ ಪಕ್ಕದ ತೆಂಗಿನ ಮರಕ್ಕೆ ತೂಗುಹಾಕಿಸಿ ಎಂದು ಬೇಡಿಕೊಂಡೆ. ಅವರು ಬಹಳ ಹೊತ್ತು ನಕ್ಕರು. ಬೋರ್ಡು ಹಾಕಿಸಲಿಲ್ಲ. ಬದಲಿಗೆ ಬೆಂಚನ್ನು ಇನ್ನಷ್ಟು ಬಿಸಿಲಿಗೆ ಸರಿಸೋಣ ಎಂದರು. ಸರಿಸಿದೆವು. ಪಾಚಿ ಕಟ್ಟಿದ ಕಡೆ ಸೋಪಿನ ನೀರು ಹಾಕಿ, ಮರದ ನಾರು ಹೋದ ದಿಕ್ಕಿಗೇ ಮೆತ್ತಗಿನ ಬ್ರಷ್ಷಿನಲ್ಲಿ ತೊಳೆದೆ. ಅಂಗಳ ತೊಳೆಯುವ ಜೋರು ನೀರಿನ ಪೈಪನ್ನು ಇಂಥ ಮರಕ್ಕೆ ಹಿಡಿಯಬೇಡಿ, ಮೈ ಕಿತ್ತು ಬರುತ್ತದೆ.

ಇಷ್ಟೊತ್ತಿಗೆ ನನಗೂ ಪಂಚಾಕ್ಷರಪ್ಪನವರಿಗೂ ದುಃಖ ಒಂದೇ ಆಗಿತ್ತು. ಒಂದು ದಿನ ಮಂಡಿಯ ಎದುರಿನ ಹೋಟೆಲಿನಲ್ಲಿ ಕಾಫಿ ಕೊಡಿಸಿ, ಅತ್ತಿತ್ತ ನೋಡಿ ಹೇಳಿದರು. "ಗಿರ್ಜಾ ನಾಳೆ ಹಾಲ್ಕುರಿಕೆಗೆ ತವರಿಗೆ ಹೋಗ್ತಾಳೆ. ಬರೋದು ನಾಕು ದಿನ ಆಯ್ತದೆ. ಒಂದೇ ಒಂದು ಕುರ್ಚೀಗೆ ಹಾಕು. ಮಾದರಿಗೆ. ಚೆನ್ನಾಗಿ ಕಂಡ್ರೆ ಅವಳೇ ಮಿಕ್ಕಿದ್ದಕ್ಕೂ ಹಾಕು ಅಂತಾಳೆ."

"ಮೆಲಮೈನ್ ಒಳಗಿಡೋ ಸಾಮಾನಿಗೆ ಯಜಮಾನ್ರೇ. ಬಿಸ್ಲು ಮಳೇಲಿ ನಿಲ್ಲಲ್ಲ. ಸಿಪ್ಪೆ ಎದ್ದೋಯ್ತದೆ."

"ಬಿಸ್ಲು ಬಂದ್ರೆ ನಾನು ಒಳೀಕ್ ಎತ್ತಿಡ್ತೀನಿ. ನೀನು ಹಾಕು."

ನನ್ನ ಕೆಲಸ ಏನೆಂಬುದು ಆ ಅಂಗಳದಲ್ಲೇ ನಾಲ್ಕು ಜನರಿಗೆ ಕಾಣಲಿ ಎಂಬ ಆಸೆ ನನಗೂ ಇತ್ತು. ಗಿರಿಜಮ್ಮ ಬಸ್ ಹತ್ತಿದ್ದೇ ತಡ, ಒಂದು ಕುರ್ಚಿಯನ್ನು ಕೊಟ್ಟಿಗೆಗೆ ಒಯ್ದು ಕೂತೆ. ಹಳೇ ಮೈಯನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ತೆಗೆದು, ಮರದ ಸಣ್ಣ ರಂಧ್ರಗಳನ್ನು ಮುಚ್ಚಿ, ಕೋಟಿನ ಮೇಲೆ ಕೋಟು ಹೊಡೆದೆ. ಸುತ್ತಲಿನ ತೋಟದವರು ಕಾಯಿ ಸುಲಿಯುವುದನ್ನು ಆ ದಿನಗಳ ಮಟ್ಟಿಗೆ ನಿಲ್ಲಿಸುವ ಹಾಗೆ ಪಂಚಾಕ್ಷರಪ್ಪನವರು ಏನೋ ಹೇಳಿ ಒಪ್ಪಿಸಿದ್ದರು. ನನ್ನ ಜೀವಮಾನದಲ್ಲಿ ಅಂಥ ಪಾಲಿಶ್ ಇನ್ನೊಂದು ಬರಲಿಲ್ಲ. ಕುರ್ಚಿಯ ಕೈಯಲ್ಲಿ ತೆಂಗಿನ ಗರಿಯ ನೆರಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಗಿರಿಜಮ್ಮ ಬಂದರು. ನಾವಿಬ್ಬರೂ ಶಾಲೆಯ ಮಕ್ಕಳ ಹಾಗೆ ಕುರ್ಚಿಯ ಎಡಬಲಕ್ಕೆ ನಿಂತಿದ್ದೆವು. ಅವರು ಚೀಲ ಕೆಳಗಿಟ್ಟು ಕುರ್ಚಿಯ ಸುತ್ತ ಒಂದು ಸುತ್ತು ಬಂದರು. ಬಯ್ಯಲಿಲ್ಲ. ನನ್ನ ಮುಖ ನೋಡಿದಾಗ ನನಗೆ ಬಯ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ಚೆನ್ನಾಗೈತೆ ತಿಮ್ಮಯ್ಯ," ಎಂದರು. ಆಮೇಲೆ ಗಂಡನಿಗೆ, "ಇದು ನಿಮ್ದು ಕಣ್ರೀ. ಮಿಕ್ಕ ಮೂರು ಕುರ್ಚಿ, ಬೆಂಚು, ಮೇಜು ನಂದು. ನಿಮ್ದನ್ನ ನಾನು ಮುಟ್ಟಲ್ಲ, ನಂದನ್ನ ನೀವು ಮುಟ್ಬೇಡಿ," ಎಂದು ಒಳಗೆ ಹೋದರು.

ಅಂದಿನಿಂದ ಪಂಚಾಕ್ಷರಪ್ಪನವರಿಗೆ ಆ ಕುರ್ಚಿಯದೇ ಚಾಕರಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹೊರಗೆ ತಂದು ಕೂತು ಪೇಪರ್ ಓದುವುದು, ಬಿಸಿಲೇರಿದರೆ ಒಳಗೆ. ಸಂಜೆ ಮತ್ತೆ ಹೊರಗೆ, ಮೋಡ ಕಂಡರೆ ಒಳಗೆ. ಹಲಸಿನ ಕೈಕುರ್ಚಿ ಹಗುರದ್ದಲ್ಲ. ಎಳೇ ಕರುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡು ಹೋಗುತ್ತಿದ್ದರು. ಎರಡೂ ಕೈಗೆ ಕುರ್ಚಿಯಾದರೆ ಬಾಗಿಲು ನೂಕುವುದು ಹೇಗೆ? ಮನೆಯಲ್ಲಿದ್ದಾಗೆಲ್ಲ ಮಗಳು ಸೌಮ್ಯ ಓಡಿಬಂದು ಬಾಗಿಲು ಹಿಡಿಯುತ್ತಿದ್ದಳು. ಅವಳು ಬ್ಯಾಂಕಿಗೆ ಹೋದ ಹೊತ್ತಿನಲ್ಲಿ ಬೆನ್ನು ತಿರುಗಿಸಿ, ಬೆನ್ನಲ್ಲೇ ಬಾಗಿಲು ನೂಕಿ ಹಿಮ್ಮುಖವಾಗಿ ಒಳಹೋಗುತ್ತಿದ್ದರು. ಗಿರಿಜಮ್ಮ ಮಾತ್ರ ಬೆಂಚಿನ ಮೇಲೆ ಕಾಲು ಮಡಿಸಿ ಕೂತು ಹುರುಳಿಕಾಯಿ ಬಿಡಿಸುತ್ತ, ಸಿಪ್ಪೆಯನ್ನು ಬೆಂಚಿನ ಮೇಲೇ ಗುಡ್ಡೆ ಹಾಕುತ್ತ ಇರುತ್ತಿದ್ದರು.

ಹೀಗಿರುವಾಗ ಸೌಮ್ಯಳಿಗೆ ಒಂದು ಸಂಬಂಧ ಬಂತು. ತುರುವೇಕೆರೆಯವರು, ಹುಡುಗ ಅಲ್ಲೇ ಕಾಲೇಜಿನಲ್ಲಿ ಮೇಷ್ಟ್ರು. ಹುಡುಗ ಹುಡುಗಿ ಮೊದಲೇ ಮಾತಾಡಿ ಒಪ್ಪಿಕೊಂಡಿದ್ದರಂತೆ. ಹಿರಿಯರು ಒಪ್ಪುವುದೊಂದು ಬಾಕಿ. ಸೌಮ್ಯ ಬಹಳ ಆಸೆ ಇಟ್ಟುಕೊಂಡಿದ್ದಾಳೆ, ಯಾವುದಕ್ಕೂ ಕೊಂಕು ಬರಬಾರದು ಎಂದು ಗಿರಿಜಮ್ಮನವರೇ ಫೋನಿನಲ್ಲಿ ಹೇಳಿ, ಆ ದಿನ ಬೆಳಿಗ್ಗೆ ಬಂದು ಸಾಮಾನು ತೊಳೆದುಕೊಡು ಎಂದರು. ಆ ಹೊತ್ತಿಗೆ ಬೆಂಚು ಕುರ್ಚಿಗಳ ನಡುಗಾಲ ಕಳೆದು ಒಂದೇ ಸಮ ಬೂದಿ ಬಣ್ಣ ಕೂತಿತ್ತು. ಹಳೇ ಬೆಳ್ಳಿಯ ಬಟ್ಟಲಿನ ಬಣ್ಣ. ಒದ್ದೆಯಾದಾಗ ಪಾರಿವಾಳದ ಕತ್ತಿನ ಹಾಗೆ ಕಾಣುತ್ತಿತ್ತು. ನನಗೇ ಅದರ ಮೇಲೆ ಕಣ್ಣು ನಿಲ್ಲುತ್ತಿತ್ತು, ಆದರೆ ಯಾರ ಮುಂದೆಯೂ ಹೇಳಿರಲಿಲ್ಲ.

ಪಂಚಾಕ್ಷರಪ್ಪನವರಿಗೆ ಮಾತ್ರ ಅದು ದರಿದ್ರದ ಬಣ್ಣವಾಗಿಯೇ ಕಾಣುತ್ತಿತ್ತು. "ಇದನ್ನೆಲ್ಲ ಹಿತ್ಲಿಗೆ ಹಾಕಿ ಶಾಮಿಯಾನದೋರ ಕುರ್ಚಿ ತರ್ಸಾಣ," ಎಂದರು. ಗಿರಿಜಮ್ಮ ಒಪ್ಪಲಿಲ್ಲ. ಕೊನೆಗೆ ಅವರು ತಮ್ಮ ಹೊಳೆಯುವ ಕುರ್ಚಿಯನ್ನು ತಂದು ನಡುವೆ ಇಟ್ಟು, "ತಿಮ್ಮಯ್ಯ, ನೀನು ಇಲ್ಲೇ ಇರು. ಇದ್ರ ಮೇಲೆ ಒಂದು ಕಣ್ಣಿಟ್ಟಿರು," ಎಂದು ನನ್ನನ್ನು ತೆಂಗಿನ ಮರದ ಪಕ್ಕ ನಿಲ್ಲಿಸಿದರು.

ಹುಡುಗ, ಅವನ ತಂದೆ, ತಾಯಿ ಮಂಗಳಮ್ಮ, ಜೊತೆಗೆ ಒಂದಿಬ್ಬರು ನೆಂಟರು ಬಂದರು. ಎಲ್ಲರೂ ಬೆಂಚು ಕುರ್ಚಿಗಳಲ್ಲಿ ಕೂತರು. ನಡುವಿನ ಕುರ್ಚಿ ಖಾಲಿ ಉಳಿಯಿತು. ಸುತ್ತ ಬೂದಿ ಬಣ್ಣದ ನಡುವೆ ಅದೊಂದು ಸಿಂಹಾಸನದ ಹಾಗೆ ಥಳಥಳ ಹೊಳೆಯುತ್ತಿತ್ತು.

"ಇನ್ನೂ ಯಾರಾದ್ರೂ ಹಿರೀಕರು ಬರೋರು ಅವ್ರಾ?" ಎಂದು ಹುಡುಗನ ತಂದೆ ಕೇಳಿದರು.

"ಇಲ್ಲ ಇಲ್ಲ, ಇದು ತಮಗೇಯ. ಬನ್ನಿ."

ಅವರು ಎದ್ದು ಬಂದು ಕುರ್ಚಿಯ ಬೆನ್ನಿನಲ್ಲಿ ತಮ್ಮ ಮುಖ ನೋಡಿಕೊಂಡು, ಪಂಚೆ ಕೊಡವಿ ವಾಪಸ್ ಹೋದರು. "ಬ್ಯಾಡ ಬುಡಿ, ತೋಟದಿಂದ ಹಂಗೇ ಬಂದೀನಿ. ಇಲ್ಲೇ ಆರಾಮಾಗೈತೆ," ಎಂದು ಬೆಂಚಿನ ಮೇಲೆ ಒಂದು ಕಾಲು ಎತ್ತಿ ಮಡಿಸಿಕೊಂಡರು.

ಉಪ್ಪಿಟ್ಟು ಬಂತು. ಮಾತು ಶುರುವಾಯಿತು. ಅಷ್ಟರಲ್ಲಿ ಬಿಸಿಲು ಸರಿದು ಖಾಲಿ ಕುರ್ಚಿಯ ಕಾಲಿಗೆ ಬಂತು. ಪಂಚಾಕ್ಷರಪ್ಪನವರು ಮಾತಿನ ನಡುವೆ ಎದ್ದು ಕುರ್ಚಿಯನ್ನು ನೆರಳಿಗೆ ಸರಿಸಿ ಬಂದು ಕೂತರು. ಮತ್ತೆ ಸ್ವಲ್ಪ ಹೊತ್ತಿಗೆ ಬಿಸಿಲು ಅಲ್ಲಿಗೂ ಬಂತು. ಮತ್ತೆ ಎದ್ದು ಸರಿಸಿದರು. ನಾನು ಸರಿಸುತ್ತೇನೆ ಎಂದರೂ ಬಿಡಲಿಲ್ಲ. ನೆಂಟರಲ್ಲಿ ಒಬ್ಬಾಕೆ ಮಂಗಳಮ್ಮನವರ ಕಿವಿಯಲ್ಲಿ ಏನೋ ಹೇಳಿದರು. ಮಂಗಳಮ್ಮನವರ ಮುಖ ಸಣ್ಣದಾಯಿತು. ಪಕ್ಕದಲ್ಲಿದ್ದ ಗಿರಿಜಮ್ಮನವರ ಕೈ ಮುಟ್ಟಿ ಮೆಲ್ಲಗೆ ಕೇಳಿದರು.

"ಮನೇಲಿ ಯಾರಾದ್ರೂ ತೀರ್ಕಂಡಿದ್ರಾ ಅಕ್ಕ? ಅದು ಅವ್ರ ಕುರ್ಚಿಯಾ?"

"ಇಲ್ಲ ಕಣಮ್ಮ," ಎಂದರು ಗಿರಿಜಮ್ಮ. "ಆ ಕುರ್ಚಿಯೋರು ಗಟ್ಟಿಮುಟ್ಟಾಗವ್ರೆ. ಅಲ್ಲಿ ಓಡಾಡ್ತಾವ್ರಲ್ಲ, ಅವ್ರೇಯ."

ಮಂಗಳಮ್ಮ ತಿರುಗಿ ಪಂಚಾಕ್ಷರಪ್ಪನವರನ್ನೇ ನೋಡತೊಡಗಿದರು. ಅದು ನನಗೆ ಸರಿ ಕಾಣಲಿಲ್ಲ. ಹೆಣ್ಣಿನ ಅಪ್ಪನಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅಳೆಯುವ ನೋಟ ಅದು. ಕಿಟಕಿಯ ಹಿಂದೆ ಸೌಮ್ಯ ಸೆರಗಿನ ತುದಿ ಹಿಂಡುತ್ತ ನಿಂತಿದ್ದದ್ದು ನಾನು ನಿಂತಲ್ಲಿಂದ ಕಾಣುತ್ತಿತ್ತು.

ಕೊನೆಗೆ ಹುಡುಗನ ತಂದೆ ಗಂಟಲು ಸರಿಮಾಡಿಕೊಂಡು, "ನಮ್ ಕಡೆಯಿಂದ ಹೇಳೋದು ಅಂದ್ರೆ..." ಎಂದರು. ಆಗ ಎಲ್ಲಿತ್ತೋ ಒಂದು ತುಂಡು ಮೋಡ, ಟಪಟಪ ಹನಿ ಉದುರಿಸಿತು. ಪಂಚಾಕ್ಷರಪ್ಪನವರು ಥಟ್ಟನೆ ಎದ್ದರು. ಛತ್ರಿ ತರಲು ಎದ್ದರೆಂದು ಎಲ್ಲರೂ ತಿಳಿದರು. ಅವರು ಕುರ್ಚಿಯನ್ನು ಅವುಚಿಕೊಂಡು ಓಡಿದರು. ಬೆನ್ನಲ್ಲಿ ಬಾಗಿಲು ನೂಕಿ ಒಳಹೋದವರು ಎರಚಲು ಬೀಳಬಾರದೆಂದು ರೂಢಿಯಂತೆ ಬಾಗಿಲನ್ನೂ ಮುಚ್ಚಿಕೊಂಡರು.

ಬೀಗರಾಗಬೇಕಾದವರು ಹೊರಗೆ, ಮಳೆಯಲ್ಲಿ. ಬಾಗಿಲು ಮುಚ್ಚಿದೆ.

ಉಪ್ಪಿಟ್ಟಿನ ತಟ್ಟೆಯಲ್ಲಿ ಹನಿ ಬೀಳುವ ಸದ್ದು ಕೇಳುತ್ತಿತ್ತು. ಗಿರಿಜಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಹುಡುಗ ತಾಯಿಯ ಮುಖವನ್ನೇ ನೋಡುತ್ತಿದ್ದ. ನನಗೆ ಆ ಕುರ್ಚಿಗೆ ಎಳೆದ ಒಂದೊಂದು ಕೋಟೂ ನೆನಪಾಯಿತು.

ಮೊದಲು ನಕ್ಕವರು ಮಂಗಳಮ್ಮ. ಸೆರಗು ಬಾಯಿಗೆ ಒತ್ತಿಕೊಂಡರು, ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಕೊನೆಗೆ ಗಿರಿಜಮ್ಮನವರ ತೋಳು ಹಿಡಿದು ಹೇಳಿದರು. "ಅಕ್ಕ, ನಿಮ್ಮನೇಲೂ ಒಬ್ರು ಅವ್ರಲ್ಲ. ನಾನೊಬ್ಳೇ ಅಂದ್ಕಂಡಿದ್ದೆ. ನಮ್ಮನೇಲಿ ಹೊಸ ಹಾಸಿಗೆ ತಂದು ವರ್ಷ ಆಯ್ತು, ಅದ್ರ ಮೇಲಿನ ಪ್ಲಾಸ್ಟಿಕ್ ಬಿಚ್ಚಾಕ್ ಬುಟ್ಟಿಲ್ಲ. ಮಗ್ಗುಲು ತಿರುಗಿದ್ರೆ ಪರಪರ ಅಂತೈತೆ, ನಿದ್ದೆ ಎಲ್ಲಿಂದ ಬರ್ಬೇಕು."

ಹುಡುಗನ ತಂದೆ ನೆಲ ನೋಡುತ್ತ, "ಕೊಳೆಯಾಯ್ತದೆ ಅಂತ," ಎಂದರು ಸಣ್ಣ ದನಿಯಲ್ಲಿ.

ಗಿರಿಜಮ್ಮ ಕಣ್ಣು ಬಿಟ್ಟರು. ಇಬ್ಬರೂ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ನಕ್ಕರು. ನೆಂಟರು ಒಳಗೆ ಹೋಗೋಣವೇ ಎಂದಾಗ ಮಂಗಳಮ್ಮನವರೇ ಬೇಡವೆಂದರು. "ಹನಿ ತಾನೆ. ಮಾತು ಮುಗಿಸ್ಕಂಡೇ ಏಳಾಣ." ಮುಗಿಸಿಯೂ ಬಿಟ್ಟರು. ಪಂಚಾಕ್ಷರಪ್ಪನವರು ಕುರ್ಚಿ ಒರೆಸಿ, ಛತ್ರಿ ಹಿಡಿದು ಹೊರಗೆ ಬರುವಷ್ಟರಲ್ಲಿ ಹುಡುಗನ ತಾಯಿ ಬಾಯಿ ಸಿಹಿ ಮಾಡಲು ಸಕ್ಕರೆ ಕೇಳುತ್ತಿದ್ದರು.

"ಏನಾಯ್ತು?" ಎಂದರು ಅವರು, ಎಲ್ಲರೂ ನಗುತ್ತಿರುವುದನ್ನು ಕಂಡು.

"ಸಂಬಂಧ ಆಯ್ತು," ಎಂದರು ಗಿರಿಜಮ್ಮ. "ಕುರ್ಚಿ ನೆನೀಲಿಲ್ಲ ತಾನೆ?"

ಮದುವೆಯಾದ ಮೇಲೆ ನನ್ನ ಕಷ್ಟ ಇನ್ನೊಂದು ರೂಪಕ್ಕೆ ತಿರುಗಿತು. ಮಂಗಳಮ್ಮನವರು ಬೀಗರ ಮನೆಯ ಬೆಂಚಿನ ಫೋಟೋ ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ್ದರು. ತುರುವೇಕೆರೆ ಕಡೆಯಿಂದ ನನಗೆ ಫೋನು ಬರತೊಡಗಿತು. "ನಮಗೂ ಆ ಬೂದಿ ಪಾಲಿಶ್ ಹಾಕ್ಕೊಡಿ. ಬರೋ ವಾರ ನಾಮಕರಣ ಐತೆ, ಅಷ್ಟರಲ್ಲಿ ಆಗ್ಬೇಕು." ಅದನ್ನು ಹಾಕುವವನು ನಾನಲ್ಲ, ನಾನು ಹಾಕದೇ ಇದ್ದರೆ ಮಾತ್ರ ಅದು ಬರುತ್ತದೆ ಎಂದರೆ ಗುಟ್ಟು ಮುಚ್ಚಿಡುತ್ತಿದ್ದೇನೆ ಎಂದುಕೊಂಡರು. ಒಬ್ಬರಂತೂ ಬೂದಿ ಬಣ್ಣದ ಪೇಂಟನ್ನೇ ಬಳಿಸಿ, ನನ್ನ ಹೆಸರು ಹೇಳಿಕೊಂಡು ಓಡಾಡಿದರು. ನೀವು ಈ ಕೆಲಸಕ್ಕೆ ಇಳಿದರೆ ಇಂಥವರು ಸಿಕ್ಕೇ ಸಿಗುತ್ತಾರೆ. ಅವರಿಗೆ ಮೂರು ಮಾತು ಹೇಳಿ. ಗಟ್ಟಿ ತಿರುಳಿನ ಮರವೇ ಇರಬೇಕು, ತಿರುಳಿನ ಹೊರಗಿನ ಬಿಳಿ ಮರವನ್ನು ಗೆದ್ದಲು ಬಿಡುವುದಿಲ್ಲ. ಕಾಲಿನ ಕೆಳಗೆ ಕಲ್ಲಿರಬೇಕು. ನಡುಗಾಲದಲ್ಲಿ ನೆಂಟರ ಮಾತಿಗೆ ಕಿವಿ ಕೊಡಬಾರದು. ಮೂರನೆಯದೇ ಎಲ್ಲಕ್ಕಿಂತ ಕಷ್ಟ.

ಮದುವೆಯ ಮುಂದಿನ ಮಳೆಗಾಲ ಮುಗಿದ ಮೇಲೆ ಎಂದಿನಂತೆ ತೊಳೆಯಲು ಹೋದಾಗ ಹೊ‌ಳೆಯುವ ಕುರ್ಚಿ ಅಂಗಳದಲ್ಲೇ ಇತ್ತು. ಅಂಗಳದಲ್ಲೇ ಎಷ್ಟೋ ಮಳೆ ಕುಡಿದಿತ್ತು. ಮೆಲಮೈನ್ ಹೊಪ್ಪಳೆ ಎದ್ದು ಸುಲಿದಿತ್ತು, ಸುಲಿದ ಕಡೆ ನೀರು ಇಳಿದು ಒಳಗೆ ಕಪ್ಪು ಕಟ್ಟಿತ್ತು. ಏನೂ ಬಳಿಸಿಕೊಳ್ಳದ ಅದರ ಅಕ್ಕಪಕ್ಕದ ಕುರ್ಚಿಗಳು ಗಟ್ಟಿಯಾಗಿ ನಿಂತಿದ್ದವು.

"ಯಾಕ್ ಯಜಮಾನ್ರೇ, ಒಳೀಕ್ ಇಡ್ಲಿಲ್ವಾ?" ಎಂದೆ.

"ಸೊಂಟ ಹಿಡ್ಕಂಡಿತ್ತು ಕಣಪ್ಪ," ಎಂದು ಅವರು ಪೇಪರಿನಿಂದ ಮುಖ ಎತ್ತಲಿಲ್ಲ.

ಗಿರಿಜಮ್ಮ ಆಮೇಲೆ ಅಡುಗೆಮನೆಯ ಕಿಟಕಿಯಿಂದ ನನಗಷ್ಟೇ ಕೇಳುವಂತೆ ಹೇಳಿದರು. "ಸೊಂಟಾನೂ ಇಲ್ಲ ಗಿಂಟಾನೂ ಇಲ್ಲ. ಸೌಮ್ಯ ವಾರಕ್ಕೊಂದ್ಸಲ ಬತ್ತಾಳೆ. ಮಿಕ್ಕ ದಿನ ಬಾಗ್ಲು ಹಿಡಿಯೋರು ಯಾರು? ಒಂದಿನ ಬಾಗ್ಲ ಮುಂದೆ ಕುರ್ಚಿ ಹಿಡ್ಕಂಡು ಸುಮ್ನೆ ನಿಂತಿದ್ರು. ನಾನು ಹೋಗೋ ಹೊತ್ಗೆ ವಾಪಸ್ ತಗಂಡು ಹೋಗಿ ಅಂಗಳದಲ್ಲೇ ಇಟ್ಬುಟ್ರು. ನಾನೂ ಏನೂ ಕೇಳ್ಲಿಲ್ಲ."

ಕುರ್ಚಿಯನ್ನು ಹಾಗೇ ಬಿಟ್ಟರೆ ಕೊಳೆಯುತ್ತಿತ್ತು. ಅದರ ಬಟ್ಟೆ ಬಿಚ್ಚಲೇಬೇಕಾಗಿತ್ತು. ನನ್ನ ಕೈಯಿಂದ ಹೊಡೆದ ಅತ್ಯುತ್ತಮ ಪಾಲಿಶನ್ನು ನಾನೇ ಕೆರೆದು ತೆಗೆಯಲು ಕೂತೆ. ಮೊಣಕಾಲು ಅಷ್ಟೊತ್ತಿಗೇ ಮಾತು ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಪಂಚಾಕ್ಷರಪ್ಪನವರು ಪೇಪರ್ ಮಡಿಚಿಟ್ಟು ಬಂದು, ಒಂದು ತುಂಡು ಉಪ್ಪುಕಾಗದ ತೆಗೆದುಕೊಂಡು ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ನಾರಿನ ದಿಕ್ಕಿಗೆ ಉಜ್ಜಬೇಕೆಂದು ತೋರಿಸಿಕೊಟ್ಟೆ. ಬೆಳಗುವ ಕೈ ಅದು, ಬೇಗ ಕಲಿತರು. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಬರಿಮೈಯಾಯಿತು. ಅದೇ ನನ್ನ ಕೊನೆಯ ಕೆಲಸವಾಯಿತು.

ಗಿರಿಜಮ್ಮ ಕಾಫಿ ತಂದರು. ಧೂಳಾಗಿ ಕೂತಿದ್ದ ನಮ್ಮಿಬ್ಬರನ್ನೂ ಕುರ್ಚಿಯನ್ನೂ ನೋಡಿದರು. ಲೋಟಗಳನ್ನು ನಮ್ಮ ಕೈಗೆ ಕೊಟ್ಟು, ತಮ್ಮ ಲೋಟ ಹಿಡಿದುಕೊಂಡು ಆ ಕುರ್ಚಿಯಲ್ಲಿ ಹೋಗಿ ಕೂತರು.

"ಧೂಳೈತೆ ಕಣೇ, ಏಳು," ಎಂದರು ಪಂಚಾಕ್ಷರಪ್ಪನವರು.

"ಇರ್ಲಿ ಬುಡಿ," ಎಂದು ಅವರು ಹಿಂದಕ್ಕೆ ಒರಗಿ, ತೋಟದ ಕಡೆ ನೋಡುತ್ತ ಕಾಫಿ ಕುಡಿದರು.

ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಪಂಚಾಕ್ಷರಪ್ಪನವರು ಲೋಟ ಕೈಯಲ್ಲೇ ಹಿಡಿದು ಆ ಕುರ್ಚಿಯ ಅಡಿಭಾಗವನ್ನೇ ನೋಡುತ್ತಿದ್ದವರು, ನನ್ನ ಕಡೆ ಬಾಗಿ ಪಿಸುಗುಟ್ಟಿದರು.

"ತಿಮ್ಮಯ್ಯ, ಕೆಳಗಡೆಗೆ ಮಾತ್ರ ಒಂದು ಕೋಟು? ಅವಳಿಗೆ ಕಾಣ್ದಂಗೆ?"

"ಕಾಫಿ ಆರ್ತಾ ಐತೆ ಯಜಮಾನ್ರೇ," ಎಂದೆ ನಾನು. "ಕುಡೀರಿ."